ಜಠರಾಗ್ನಿಯೂ ಅನಸ್ತಮಿತ ವ್ರತವೂ

ಸೂರ್ಯಾಸ್ತವಾದೊಡನೆ ಜಠರವು ನಿದ್ರಿಸುತ್ತದೆ, ಆದ್ದರಿಂದಲೇ ಜೈನರಿಗೆ ರಾತ್ರಿಭೋಜನ ವರ್ಜ್ಯವೆಂದು ಮಕ್ಕಳಿಗೆ ಹೇಳಿಕೊಡುವ ರೂಢಿ ಅನೇಕ ಶ್ರಾವಕರ ಮನೆಗಳಲ್ಲಿದೆ. ಶರೀರಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಉಂಡ ಆಹಾರವು ಜಠರದ ಆಮ್ಲದಲ್ಲಿ ಕಲೆತು, ಅರೆಯಲ್ಪಟ್ಟು, ಸಾಮಾನ್ಯವಾಗಿ 2ರಿಂದ 4 ಗಂಟೆಗಳಲ್ಲಿ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಪಿತ್ತರಸವೂ ಮೇದೋಜೀರಕ ರಸವೂ ಅದನ್ನು ಕರಗಿಸಲು, ಕರುಳಿನ ಒಳಗೋಡೆಯು ಸಾರವನ್ನು ಹೀರಿಕೊಳ್ಳುತ್ತದೆ. ಇರುಳಿನಲ್ಲಿ ಈ ಕಾರ್ಯವು ಕೊಂಚ ಮಂದವಾದೀತು, ನಿಲ್ಲದು. ಉಂಡೊಡನೆ ಮಲಗಿದವರಿಗೆ ಆಮ್ಲವು ಅನ್ನನಾಳಕ್ಕೆ ಮರಳಿ ಎದೆಯುರಿ ಬರುವುದುಂಟು. ಅದು ಬೇಗನೆ ಉಣ್ಣುವುದಕ್ಕೆ ಕಾರಣವಾದೀತೇ ಹೊರತು ವ್ರತಕ್ಕೆ ಆಧಾರವಾಗದು.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ರಾತ್ರಿಭೋಜನ ತ್ಯಾಗವನ್ನು ಆಲೋಕಿತಪಾನಭೋಜನದಲ್ಲಿ, ಎಂದರೆ ಕಣ್ಣಾರೆ ನೋಡಿ ಉಣ್ಣುವುದರಲ್ಲಿ, ಅಡಕಗೊಳಿಸಿದ್ದಾರೆ. ಅದು ಅಹಿಂಸಾವ್ರತದ ಐದು ಭಾವನೆಗಳಲ್ಲೊಂದು. ಅಲ್ಲಿನ ಚಿಂತೆ ಅನ್ನಕ್ಕೆ ಬೀಳುವ ಜೀವವನ್ನು ಕುರಿತದ್ದು, ಉಣ್ಣುವವನ ಹೊಟ್ಟೆಯನ್ನಲ್ಲ. ಆರೋಗ್ಯಕ್ಕಾಗಿಯೇ ವ್ರತವೆಂದು ಕಲಿತ ಹುಡುಗನು, ಜೀರ್ಣದ ಗುಳಿಗೆ ಕೈಗೆ ಬಂದ ದಿನ ಅದನ್ನು ಬಿಡಲು ಏಕೆ ಹಿಂಜರಿಯಬೇಕು?

ಈಗ ವಿದ್ಯುದ್ದೀಪವಿದೆಯಲ್ಲವೇ, ಎಲ್ಲವೂ ಕಾಣುತ್ತದೆಯಲ್ಲ ಎಂಬ ಆಕ್ಷೇಪವೂ ಉಂಟು. ಮಳೆಗಾಲದ ಸಂಜೆ ಅಡುಗೆಮನೆಯ ದೀಪ ಹಾಕಿದವರು ಮರುಬೆಳಿಗ್ಗೆ ಅದರ ಕೆಳಗೆ ಗುಡಿಸಿದ ರೆಕ್ಕೆಗಳನ್ನು ಬಲ್ಲರು.