ಅಪ್ಪ ಏನನ್ನು ಒಯ್ದರು?

 

ತೀರಿಹೋದವರನ್ನು ನೆನೆಯುತ್ತಾ ಕೂರುವುದು ಅಂಟಿಕೊಳ್ಳುವುದೇ ಅಲ್ಲವೇ, ಬುದ್ಧರ ದಾರಿಯಲ್ಲಿ ನಡೆಯುವವರು ಅದನ್ನು ಬಿಡಬೇಡವೇ ಎಂದು ಭಾನುವಾರದ ಅಧ್ಯಯನದಲ್ಲಿ ಹಿರಿಯರೊಬ್ಬರು ಕೇಳಿದರು. ಅಂದು ಉತ್ತರ ಅರ್ಧಕ್ಕೇ ನಿಂತಿತು. ನನಗಿದು ಬರೀ ಪುಸ್ತಕದ ಪ್ರಶ್ನೆಯಲ್ಲ. ಅಪ್ಪ ಹೋಗಿ ಹನ್ನೊಂದು ತಿಂಗಳಾಯಿತು.

ಸಂಯುತ್ತ ನಿಕಾಯದ ಚುಂದ ಸುತ್ತದಲ್ಲಿ ಇದೇ ಮಾತು ಬರುತ್ತದೆ. ಮಗಧದ ನಾಲಕ ಗ್ರಾಮದಲ್ಲಿ ಸಾರಿಪುತ್ತರು ಕಾಯಿಲೆಯಿಂದ ತೀರಿಕೊಂಡರು. ಅವರ ಸೇವೆಯಲ್ಲಿದ್ದ ಸಾಮಣೇರ ಚುಂದ ಅವರ ಪಾತ್ರೆ, ಚೀವರ ಹಿಡಿದು ಸಾವತ್ಥಿಗೆ ಬಂದ. ಸುದ್ದಿ ಕೇಳಿದ ಆನಂದರಿಗೆ ಕೈಕಾಲು ಆಡಲಿಲ್ಲ, ದಿಕ್ಕು ತೋಚಲಿಲ್ಲ, ಕಲಿತ ಧಮ್ಮವೂ ನೆನಪಿಗೆ ಬರಲಿಲ್ಲ. ಪ್ರಿಯರಿಂದ ಅಗಲಿಕೆ ತಪ್ಪದೆಂಬುದನ್ನು ಬುದ್ಧರು ಹೇಳಿದರು, ಆದರೆ ಆಮೇಲೆ. ಮೊದಲು ಲೆಕ್ಕ ಕೇಳಿದರು: ಹೋಗುವಾಗ ಸಾರಿಪುತ್ತ ನಿನ್ನ ಶೀಲವನ್ನು ಒಯ್ದನೇ? ಸಮಾಧಿಯನ್ನು, ಪ್ರಜ್ಞೆಯನ್ನು ಒಯ್ದನೇ? ಇಲ್ಲ ಭಂತೆ, ಆದರೆ ಅವರು ನಮಗೆ ಕಲಿಸಿದವರು, ಅದನ್ನು ನೆನೆಯುತ್ತೇವೆ ಎಂದರು ಆನಂದರು. ಮುಂದಿನ ಸುತ್ತದಲ್ಲಿ, ಗಂಗಾತೀರದ ಉಕ್ಕಚೇಲದಲ್ಲಿ, ಆ ಇಬ್ಬರು ಅಗ್ರಶ್ರಾವಕರಿಲ್ಲದ ಸಭೆ ಬರಿದಾಗಿ ಕಾಣುತ್ತಿದೆ ಎಂದವರು ಸ್ವತಃ ಬುದ್ಧರೇ. ಅವರಲ್ಲಿ ಶೋಕವಿರಲಿಲ್ಲ, ನಿಜ. ಖಾಲಿ ಜಾಗ ಕಾಣದವರಂತೆಯೂ ಇರಲಿಲ್ಲ.

ಹಠಾತ್ ಸಾವಿನಲ್ಲಿ ಒಂದು ಅನ್ಯಾಯವಿದೆ. ಕೊನೆಯ ಹತ್ತು ನಿಮಿಷ ಹಿಂದಿನ ಅರವತ್ತೇಳು ವರ್ಷವನ್ನು ನುಂಗಿಬಿಡುತ್ತದೆ. ಅಪ್ಪ ಕಾಫಿ ಕುಡಿದು, ಪೇಪರಿನ ಕ್ರೀಡಾಪುಟ ಓದುತ್ತಾ ಕುರ್ಚಿಯಲ್ಲೇ ಒರಗಿದರು. ತಿಂಗಳುಗಟ್ಟಲೆ ಮನೆಯ ಮಾತೆಲ್ಲ ಆ ಕುರ್ಚಿಯ ಸುತ್ತಲೇ. ಬಂದವರು ‘ನರಳಲಿಲ್ಲ, ಪುಣ್ಯವಂತರು’ ಅನ್ನೋರು. ಹೋದವರಿಗೆ ಅದು ಸರಿ ಇರಬಹುದು. ಅಮ್ಮನಿಗೆ ಅದು ಒಂದು ಮಾತನ್ನೂ ಆಡಗೊಡದ ಸಾವು.

ಹಾಗಾಗಿ ಬುದ್ಧರ ಲೆಕ್ಕವನ್ನೇ ನಾನೂ ಕೇಳಿಕೊಂಡೆ. ಅಪ್ಪ ಏನನ್ನು ಒಯ್ದರು?

ಅವರಿಗೆ ಆಟವೆಂದರೆ ಪ್ರಾಣ. ಕ್ರಿಕೆಟ್, ಹಾಕಿ, ಕಬಡ್ಡಿ. ಏನೂ ಇಲ್ಲದಿದ್ದರೆ ಬೀದಿ ಮಕ್ಕಳ ಗೋಲಿಯಾಟಕ್ಕೂ ನಿಂತುಬಿಡೋರು. ನೂರು ಸಲ ಹೇಳಿದ ಕತೆ ಒಂದೇ: 1980ರ ಫೆಬ್ರವರಿ, ಮುಂಬೈನಲ್ಲಿ ಸುವರ್ಣ ಮಹೋತ್ಸವ ಟೆಸ್ಟ್. ನಮ್ಮ ಜಿ.ಆರ್. ವಿಶ್ವನಾಥ್ ನಾಯಕ. ಇಂಗ್ಲೆಂಡ್ ಐದು ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥ್ ಅವರನ್ನು ವಾಪಸ್ ಕರೆದರು. ಟೇಲರ್, ಬೋಥಮ್ ಸೇರಿ 171 ರನ್ ಜೋಡಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಕರೆಯದಿದ್ದರೆ ಗೆಲ್ಲಬಹುದಿತ್ತಲ್ಲಪ್ಪಾ ಎಂದು ಚಿಕ್ಕವನಿದ್ದಾಗ ಕೇಳಿದ್ದೆ. ‘ಗೆಲ್ಲಬಹುದಿತ್ತೇನೋ. ಆದ್ರೆ ಅವನು ಔಟೇ ಆಗಿರಲಿಲ್ಲವಲ್ಲ ಮಗಾ’ ಎಂದಿದ್ದರು.

ಅಪ್ಪ ನಮ್ಮ ಕೂಟದ ಕಡೆ ತಲೆ ಹಾಕಿದವರಲ್ಲ. ಧ್ಯಾನಕ್ಕೆ ಕರೆದರೆ, ಐದು ದಿನ ಟೆಸ್ಟ್ ಮ್ಯಾಚ್ ನೋಡ್ತೀನಿ, ಇನ್ಯಾವ ಧ್ಯಾನ ಬೇಕು ಎಂದು ನಗೋರು. ಲಾಭ-ಅಲಾಭ, ನಿಂದೆ-ಪ್ರಶಂಸೆ ಮುಂತಾದ ಎಂಟು ಲೋಕಧರ್ಮಗಳನ್ನು ನಾವು ಸುತ್ತ ಓದಿ ತಿಳಿದೆವು, ಅವರು ಸ್ಕೋರ್‌ಬೋರ್ಡ್ ಮುಂದೆ ಕೂತು ತಿಳಿದರು. ಪೂರ್ತಿ ತಿಳಿದರು ಅಂತಲ್ಲ. ಭಾರತ ಸೋತ ರಾತ್ರಿ ಊಟ ಬಿಡುತ್ತಿದ್ದರು. ಆದರೆ ಎದುರಾಳಿ ಚೆನ್ನಾಗಿ ಆಡಿದಾಗ ಚಪ್ಪಾಳೆ ತಟ್ಟದೆ ಇದ್ದದ್ದನ್ನು ನಾನು ಕಂಡಿಲ್ಲ. ಇದಕ್ಕೆ ಪಾಲಿಯಲ್ಲಿ ಮುದಿತಾ ಎಂಬ ಹೆಸರಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಇವ್ಯಾವುದನ್ನೂ ಅಪ್ಪ ಒಯ್ದಿಲ್ಲ. ಅವರು ಇನ್ನೂ ಇರಬೇಕಿತ್ತು ಎಂದು ಹಟ ಹಿಡಿಯುವ ನೆನಪು ಅಂಟು, ಒಪ್ಪುತ್ತೇನೆ. ಅವರು ಹೀಗಿದ್ದರು ಎಂದು ಕಂಡು, ಅದರಂತೆ ನಡೆಯಲು ನೋಡುವ ನೆನಪು ಆನಂದರು ಹೇಳಿದ ಬಗೆಯದು. ತೊಂದರೆಯೆಂದರೆ ಎರಡೂ ಒಟ್ಟೊಟ್ಟಿಗೇ ಬರುತ್ತವೆ, ಕೆಲವೊಮ್ಮೆ ಒಂದೇ ಓವರಿನಲ್ಲಿ.

ಮುಂದಿನ ತಿಂಗಳು ಅಪ್ಪನ ಹೆಸರಿನಲ್ಲಿ ವರ್ಷದ ದಾನ. ಹಳೆಯ ಬ್ಯಾಟು, ಪ್ಯಾಡುಗಳನ್ನು ಮೈದಾನದ ಹುಡುಗರಿಗೆ ಕೊಡೋಣ ಎಂದು ಅಮ್ಮನೇ ಹೇಳಿದರು. ಕಬಡ್ಡಿ ಪಂದ್ಯಗಳಲ್ಲಿ ಅಪ್ಪ ಊದುತ್ತಿದ್ದ ವಿಶಲ್ ಮಾತ್ರ ತಮ್ಮ ಹತ್ತಿರವೇ ಇರಲಿ ಅಂದರು. ಅದೂ ಅಂಟಲ್ಲವೇ ಎನ್ನುವವರು ದಯವಿಟ್ಟು ಅಮ್ಮನನ್ನೇ ಕೇಳಿ.

ಭವತು ಸಬ್ಬ ಮಂಗಲಂ 🙏