ಘಾಟಿ ಇಳಿಯುವ ಗಾಡಿಗೆ ಇನ್ನೊಂದು ಬ್ರೇಕು

ಹತ್ತುವ ಗಾಡಿಯ ಬಗ್ಗೆ ಮಾತಾಡುವಷ್ಟು ಇಳಿಯುವ ಗಾಡಿಯ ಬಗ್ಗೆ ನಮ್ಮ ಕಡೆ ಯಾರೂ ಮಾತಾಡುವುದಿಲ್ಲ. ಪಿಕಪ್ ಕೊಳ್ಳುವವರು ಕೇಳುವುದು ಎಷ್ಟು ಎಳೆಯುತ್ತದೆ, ಲೀಟರಿಗೆ ಎಷ್ಟು ಓಡುತ್ತದೆ ಎಂದು. ಎಷ್ಟು ತಡೆಯುತ್ತದೆ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಹಾಗಾಗಿ ಬೈಂದೂರಿನಲ್ಲಿರುವ ನನ್ನ ಅಕ್ಕನ ಮಗ ತನ್ನ ಡೀಸೆಲ್ ಪಿಕಪ್ಪಿಗೆ ಎಕ್ಸಾಸ್ಟ್ ಬ್ರೇಕ್ ಹಾಕಿಸುವ ಮಾತೆತ್ತಿದಾಗ ನನಗೆ ಖುಷಿಯೇ ಆಯಿತು. ಗಂಗೊಳ್ಳಿ ಬಂದರಿನಿಂದ ಮೀನು ಹೊತ್ತು ಅವನ ಗಾಡಿ ಘಾಟಿ ಹತ್ತುತ್ತದೆ. ಬರುವಾಗ ಹೊಸನಗರದ ಕಡೆಯ ಶುಂಠಿ, ಬಾಳೆಗೊನೆ. ಒಮ್ಮೆ ನಾಗೋಡಿ-ಕೊಲ್ಲೂರು ದಾರಿ, ಇನ್ನೊಮ್ಮೆ ಬಾಳೆಬರೆ ಘಾಟಿ. ಬ್ರಹ್ಮಾವರದ ಒಂದು ಗ್ಯಾರೇಜಿನಲ್ಲಿ ಅವನಿಗೆ ಎರಡು ಬಗೆಯ ಕಿಟ್ ತೋರಿಸಿದ್ದರು. ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳಿದ.

ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಗಾಳಿ ಒಳಬರುವ ಬಾಗಿಲು ಮುಚ್ಚುತ್ತದೆ. ಉಸಿರು ಕಟ್ಟಿದ ಎಂಜಿನ್ನು ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಡೀಸೆಲ್ಲಿನಲ್ಲಿ ಗಾಳಿಗೆ ಅಂಥ ತಡೆಯಿಲ್ಲ, ಕಡಿಮೆಯಾಗುವುದು ಎಣ್ಣೆ ಮಾತ್ರ. ಹಾಗಾಗಿ ಅದರ ಹಿಡಿತ ಸಡಿಲ. ಎಕ್ಸಾಸ್ಟ್ ಬ್ರೇಕ್ ಎಂದರೆ ಹೊಗೆ ಹೋಗುವ ಕೊಳವೆಯಲ್ಲಿ ಕೂರಿಸುವ ಒಂದು ಕವಾಟ. ಇಳಿಜಾರಿನಲ್ಲಿ ಅದು ಮುಚ್ಚಿಕೊಂಡರೆ ಒಳಗಿನ ಗಾಳಿ ಹೊರಹೋಗಲು ಒದ್ದಾಡುತ್ತದೆ, ಪಿಸ್ಟನ್ನು ಅದನ್ನು ತಳ್ಳಿ ತಳ್ಳಿ ಸುಸ್ತಾಗುತ್ತದೆ, ಗಾಡಿ ನಿಧಾನವಾಗುತ್ತದೆ. ಬಸ್ಸು ಲಾರಿಗಳಲ್ಲಿ ಇದು ಹಳೆಯ ವಿಷಯ. ಅವುಗಳಲ್ಲಿ ಕವಾಟ ಮುಚ್ಚಲು ಒತ್ತಡದ ಗಾಳಿ ಇರುತ್ತದೆ. ಪಿಕಪ್ಪಿನಲ್ಲಿ ಇಲ್ಲವಾದ್ದರಿಂದ ಒಂದು ಕಿಟ್ ವ್ಯಾಕ್ಯೂಮಿನಲ್ಲಿ ನಡೆಯುವುದು, ಇನ್ನೊಂದು ಕರೆಂಟಿನದು.

ಮೂರು ಟನ್ ತೂಕದ ಗಾಡಿ 500 ಮೀಟರ್ ಎತ್ತರದಿಂದ ಕೆಳಗೆ ಬಂದರೆ ಅದು ಬಿಟ್ಟುಕೊಡುವ ಶಕ್ತಿಯಲ್ಲಿ ಸುಮಾರು 50 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಒಂದು ದೊಡ್ಡ ಹಂಡೆ ನೀರು ಕಾಯಿಸುವ ಬೆಂಕಿ ಅದು. ಎಂಜಿನ್ನೂ ಎದುರುಗಾಳಿಯೂ ಒಂದಿಷ್ಟು ತೆಗೆದುಕೊಂಡರೆ ಉಳಿದದ್ದೆಲ್ಲ ನಾಲ್ಕು ಚಕ್ರಗಳ ಬ್ರೇಕಿಗೆ. ಲೈನಿಂಗ್ ಕಾದು ಹಿಡಿತ ತಪ್ಪುವುದು, ಬ್ರೇಕ್ ಆಯಿಲ್ ಕುದಿದು ಪೆಡಲ್ ಟುಸ್ ಎನ್ನುವುದು ಹೀಗೆ. ಬಾಳೆಬರೆಯಲ್ಲಿ ಚಂಡಿಕಾಂಬೆಯ ಗುಡಿಯೆದುರು ಗಾಡಿ ನಿಲ್ಲಿಸಿ ಕೈಮುಗಿಯುವವರಿದ್ದಾರೆ. ದೇವಿ ಏನು ಕೊಡುತ್ತಾಳೋ, ಅಷ್ಟು ಹೊತ್ತು ಡ್ರಮ್ಮು ತಣಿಯುವುದಂತೂ ನಿಜ.

ಡೀಸೆಲ್ ಎಂಜಿನ್ನಿನಿಂದಲೇ ಹೆಸರಾದ ಅಮೆರಿಕದ ಕ್ಲೆಸಿ ಕಮಿನ್ಸ್ 1931ರಲ್ಲಿ ತನ್ನ ಎಂಜಿನ್ನಿನ ಟ್ರಕ್ಕಿನಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಘಾಟಿ ಇಳಿಯುವಾಗ ಬ್ರೇಕು ಕೈಕೊಟ್ಟಿತು. ಕೆಳಗೆ ಅಡ್ಡ ಬಂದ ಗೂಡ್ಸ್ ರೈಲಿಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು. ಎಂಜಿನ್ನನ್ನೇ ಬ್ರೇಕಾಗಿ ದುಡಿಸುವ ಅವನ ಸಾಧನ, ನಮ್ಮ ಈ ಕವಾಟಕ್ಕಿಂತ ಬೇರೆ ಬಗೆಯದು, ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ಎಂಜಿನ್ ಕಟ್ಟಿದವನೇ ಆ ಟ್ರಕ್ಕಿನಲ್ಲಿ ಕೂತಿದ್ದ ಎಂಬುದು ನನಗೆ ಮುಖ್ಯ. ನಮ್ಮಲ್ಲಿ ಕಿಟ್ ಆರಿಸುವವನು ಬೈಂದೂರಿನಲ್ಲಿ ಕೂತಿರುತ್ತಾನೆ, ಇಳಿಯುವವನು ಡ್ರೈವರು.

ಅಳಿಯನ ಇನ್ನೊಂದು ಮಾತಿನಿಂದ ಪ್ರಶ್ನೆಯ ಬಣ್ಣವೇ ಬದಲಾಯಿತು. "ಬ್ರೇಕ್ ಗಟ್ಟಿ ಆರೆ ಇನ್ನೆರಡ್ ಕ್ವಿಂಟಾಲ್ ಹಾಕ್ಲಕ್ಕಲ್ದಾ ಮಾವ?" ಎಂದ. ಮನುಷ್ಯ ಸಹಜವಾದ ಲೆಕ್ಕವೇ. ಕಾರುಗಳಿಗೆ ಸುರಕ್ಷೆಯ ಸಾಧನ ಕಡ್ಡಾಯ ಮಾಡಿದರೆ ಜನ ಅಷ್ಟೇ ಹೆಚ್ಚು ಧೈರ್ಯದಿಂದ ಓಡಿಸಿ ಅದರ ಲಾಭವನ್ನು ತಿಂದುಹಾಕುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ವಾದಿಸಿದ್ದರು. ಎಷ್ಟು ಲಾಭ ತಿನ್ನುತ್ತಾರೆ ಎಂಬ ಜಗಳ ಆಮೇಲೂ ನಡೆಯಿತು. ಅಳಿಯನ ವಿಷಯದಲ್ಲಿ ಜಗಳವೇ ಬೇಡ, ಬಾಯಿಬಿಟ್ಟೇ ಹೇಳಿದ್ದಾನೆ. ಆ ಎರಡು ಕ್ವಿಂಟಾಲಿನ ಬಾಡಿಗೆ ಅವನಿಗೆ ಬರುತ್ತದೆ. ತಿರುವಿನ ಆಚೆ ಹೆಂಡತಿ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಕೊಲ್ಲೂರಿಗೆ ಹೊರಟವನಿಗೆ ಹೊಸ ಬ್ರೇಕಿನಿಂದ ಸಿಗಬೇಕಿದ್ದ ಚೂರು ಅಭಯವನ್ನು ಯಾರೂ ಕೇಳದೆ ಮಾರಿದಂತಾಯಿತು. ಅವನಿಗೆ ಅದು ಗೊತ್ತೂ ಆಗುವುದಿಲ್ಲ. ಕಳ್ಳತನಕ್ಕಾದರೆ ಹೆಸರಿದೆ, ಇದಕ್ಕೆ ಏನೆನ್ನಬೇಕೋ.

ಹಿಂದಿನವನ ಮಾತೂ ಇದೆ. ಪೆಡಲ್ ಒತ್ತದೆ ಗಾಡಿ ನಿಧಾನವಾದರೆ ಹಿಂದಿನ ಕೆಂಪು ದೀಪ ತಾನಾಗಿ ಹೊತ್ತುವುದಿಲ್ಲ. ಅದಕ್ಕೆ ಬೇರೆ ವೈರು ಎಳೆಯಬೇಕು. ಕಿಟ್ಟಿನ ದರದಲ್ಲಿ ಅದು ಸೇರಿಲ್ಲ ಎಂದು ಗ್ಯಾರೇಜಿನವರು ಹೇಳಿದ್ದರಂತೆ. ಮಳೆಗಾಲದಲ್ಲಿ ಎಲೆ ಬಿದ್ದು ಜಾರುವ ರಸ್ತೆಯಲ್ಲಿ ಈ ಬ್ರೇಕು ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಎಂಜಿನ್ ತಯಾರಿಸಿದವರು ಇಟ್ಟ ಮಿತಿಗಿಂತ ಒತ್ತಡ ಹೆಚ್ಚಾದರೆ ವಾಲ್ವಿಗೂ ಕೇಡು. ಮೋಟಾರು ವಾಹನ ಕಾಯಿದೆಯ 52ನೇ ಕಲಮು ಗಾಡಿಯನ್ನು ಬದಲಾಯಿಸುವುದರ ಮೇಲೆ ಕಣ್ಣಿಟ್ಟಿದೆ, ಹಾಗಾಗಿ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸು ಎಂದೆ.

ಆದರೆ ನಿಜವಾದ ಗಂಟು ಇದ್ದದ್ದು ಡ್ರೈವರಿನ ಲೆಕ್ಕದಲ್ಲಿ. ಟ್ರಿಪ್ಪಿಗೆ ಇಂತಿಷ್ಟು ಡೀಸೆಲ್, ಉಳಿಸಿದ್ದು ಅವನಿಗೆ. ಹಾಗಾಗಿ ಆ ಹುಡುಗ ಇಳಿಜಾರು ಸಿಕ್ಕಲ್ಲೆಲ್ಲ ನ್ಯೂಟ್ರಲ್. ಕೆಲವೊಮ್ಮೆ ಎಂಜಿನ್ನೇ ಬಂದ್. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತಿದ ಮೇಲೆ ಮುಗಿಯಿತು, ಸ್ಟೇರಿಂಗೂ ಕಲ್ಲಾಯಿತು. ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡುವುದು ಗೇರಿನಲ್ಲಿದ್ದರೆ ಮಾತ್ರ. ನ್ಯೂಟ್ರಲ್ಲಿನಲ್ಲಿ ಇಳಿಯುವ ಗಾಡಿಗೆ ಯಾವ ಕಿಟ್ ಹಾಕಿದರೂ ಒಂದೇ. ತಮಾಷೆಯೆಂದರೆ ಈಗಿನ ಡೀಸೆಲ್ ಎಂಜಿನ್ನು ಗೇರಿನಲ್ಲಿ ಇಳಿಯುವಾಗ ಎಣ್ಣೆಯನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್ಲಿನಲ್ಲಿ ಐಡಲ್ ಓಡಲು ಕುಡಿಯುತ್ತದೆ. ಎಂಜಿನ್ ಬಂದ್ ಮಾಡದೆ ಬರಿಯ ನ್ಯೂಟ್ರಲ್ಲಿನಲ್ಲಿ ಬಂದರೆ ಹುಡುಗ ಉಳಿಸುವುದೂ ಇಲ್ಲ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಅಳಿಯನಿಗೆ ಕಿಟ್ಟಿನ ಮಾತು ಬದಿಗಿಟ್ಟು ಡೀಸೆಲ್ಲಿನ ಕರಾರು ತೆಗೆ, ಆ ದುಡ್ಡನ್ನು ಸಂಬಳಕ್ಕೇ ಸೇರಿಸು ಮಾರಾಯ ಎಂದೆ. ಬ್ರೇಕ್ ಹಾಕಿಸಿದರೂ ತೂಕ ಈಗಿನಷ್ಟೇ ಇರಲಿ, ಇಲ್ಲದಿದ್ದರೆ ಹಾಕಿಸುವುದೇ ಬೇಡ ಎಂದೂ ಹೇಳಿದೆ.

ಡ್ರೈವರನ್ನೂ ಕೇಳಿದೆವು, ನಿನಗೆ ಯಾವುದು ಬೇಕು ಎಂದು. ಕಿಟ್ಟಿನ ಚಿತ್ರ ನೋಡಿ ಪಕ್ಕಕ್ಕಿಟ್ಟ. "ಮೀನ್ ಇಳ್ಸಿ ಆದ್ಮೇಲೆ ಒಂದ್ ಗಂಟಿ ಮನಿಕಂಬುಕೆ ಬಿಟ್ರೆ ಸಾಕ್" ಎಂದ. ಡೀಸೆಲ್ ಕರಾರು ತೆಗೆಯಲು ಅಳಿಯ ಒಪ್ಪಿದ್ದಾನೆ. ನಿದ್ದೆಯ ಒಂದು ಗಂಟೆಗೆ ಇನ್ನೂ ಒಪ್ಪಿಲ್ಲ. ಶುಂಠಿಯವರು ಅಷ್ಟು ಹೊತ್ತು ಕಾಯುವುದಿಲ್ಲವಂತೆ.