ಲ್ಯಾಬ್ ಮುಚ್ಚಿದ ಮೇಲೆ ಚಿತ್ರ ಎಲ್ಲಿದೆ?

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಪಾರ್ಸನ್ಸ್ ಎಂಬ ಸಣ್ಣ ಊರಿದೆ. 2010ರ ಡಿಸೆಂಬರಿನಲ್ಲಿ ಆ ಊರಿನ ಡ್ವೇನ್ಸ್ ಫೋಟೊ ಎಂಬ ಲ್ಯಾಬಿಗೆ ದೇಶದೇಶಗಳಿಂದ ರೀಲುಗಳು ಬಂದು ರಾಶಿ ಬಿದ್ದವು. ಅಂಚೆಯನ್ನು ನಂಬದೆ ತಾವೇ ಹೊತ್ತು ತಂದವರೂ ಇದ್ದರು. ಕೊಡಾಕ್ರೋಮ್ ಎಂಬ ಬಣ್ಣದ ಸ್ಲೈಡ್ ಫಿಲ್ಮನ್ನು ತೊಳೆದುಕೊಡುವ ಲ್ಯಾಬು ಭೂಮಿಯ ಮೇಲೆ ಅದೊಂದೇ ಉಳಿದಿತ್ತು. ಅದೂ ಆ ತಿಂಗಳ 30ರ ನಂತರ ರೀಲು ತೆಗೆದುಕೊಳ್ಳುವುದಿಲ್ಲ ಎಂದು ಹೇಳಿಬಿಟ್ಟಿತ್ತು. ಫಿಲ್ಮಿನ ತಯಾರಿಕೆ ನಿಲ್ಲಿಸುವುದಾಗಿ ಕೊಡಾಕ್ ಕಂಪನಿ 2009ರ ಜೂನಿನಲ್ಲೇ ಘೋಷಿಸಿತ್ತು. ಕಾರ್ಖಾನೆಯ ಕೊನೆಯ ರೀಲು ಸಿಕ್ಕಿದ್ದು ಛಾಯಾಗ್ರಾಹಕ ಸ್ಟೀವ್ ಮೆಕ್ಕರಿಗೆ. ಅದರ 36 ಚಿತ್ರಗಳಲ್ಲಿ ಒಂದಷ್ಟನ್ನು ಅವರು ಭಾರತದಲ್ಲೇ, ಮುಂಬಯಿಯ ಸಿನಿಮಾ ಮಂದಿಗೂ ರಾಜಸ್ಥಾನದ ರಬಾರಿಗಳಿಗೂ ಮೀಸಲಿಟ್ಟರು.

ಗಡುವು ತಪ್ಪಿದ ರೀಲುಗಳು ಇವತ್ತಿಗೂ ಕಪಾಟುಗಳಲ್ಲಿ ಕೂತಿವೆ. ಅವುಗಳ ಮೇಲೆ ಬೆಳಕು ಬಿದ್ದಾಗಿದೆ, ಡಬ್ಬಿಯ ಮುಚ್ಚಳ ಬಿಗಿದಾಗಿದೆ, ತೊಳೆಯುವವರು ಮಾತ್ರ ಇಲ್ಲ. ಹಾಗಾದರೆ ಆ ಡಬ್ಬಿಯೊಳಗೆ ಚಿತ್ರ ಇದೆಯೋ, ಇಲ್ಲವೋ?

ಇದನ್ನು ಕೇಳಲು ಕ್ಯಾನ್ಸಸ್‌ಗಿಂತ ನಮ್ಮ ಕರ್ನಾಟಕದ ಮುಂಡಗೋಡು ವಾಸಿ. ಟಿಬೆಟಿನಿಂದ ಬಂದ ನಿರಾಶ್ರಿತರಿಗಾಗಿ ಇಲ್ಲಿಯ ಕಾಡಿನಂಚಿನಲ್ಲಿ ಕಾಲೊನಿ ಎದ್ದದ್ದು 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ. ಪಶ್ಚಿಮ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಕಟ್ಟಿದ್ದ ಸೆರೆಮನೆಯೊಳಗೆ ಕ್ಷಯರೋಗದ ನಡುವೆಯೂ ಪಾಠ ಬಿಡದೆ ಉಳಿದಿದ್ದ ಲಾಮಾಗಳು ಕೆಲ ವರ್ಷಗಳ ನಂತರ ಇಲ್ಲಿಗೆ ಬಂದರು. 1409ರಲ್ಲಿ ಲಾಸಾದ ಬಳಿ ಹುಟ್ಟಿದ ಗಾಂದೆನ್ ವಿಹಾರ ಮುಂಡಗೋಡಿನ ಲಾಮಾ ಕ್ಯಾಂಪ್ ಒಂದರಲ್ಲಿ, 1416ರ ಡ್ರೆಪುಂಗ್ ವಿಹಾರ ಕ್ಯಾಂಪ್ ಎರಡರಲ್ಲಿ ಮತ್ತೆ ಕಣ್ಣುಬಿಟ್ಟವು. ಸಂಜೆ ಹೊತ್ತು ಅಲ್ಲಿಯ ಅಂಗಳಗಳಲ್ಲಿ ವಾದ ನಡೆಯುತ್ತದೆ. ಉತ್ತರ ಹೇಳುವವನು ಕೂತಿರುತ್ತಾನೆ, ಕೇಳುವವನು ನಿಂತಿರುತ್ತಾನೆ. ಪ್ರಶ್ನೆ ಮುಗಿಯುವ ಗಳಿಗೆಗೆ ಎಡಗಾಲು ನೆಲಕ್ಕೆ ಅಪ್ಪಳಿಸುತ್ತದೆ, ಅಂಗೈಗೆ ಅಂಗೈ ಬಡಿಯುತ್ತದೆ. ಕೂತವನಿಗೆ ಭಾಷಣಕ್ಕೆ ಅವಕಾಶವಿಲ್ಲ. ಒಪ್ಪಿದೆ, ಯಾಕೆ, ಹೇತು ಸಿದ್ಧವಿಲ್ಲ, ವ್ಯಾಪ್ತಿಯಿಲ್ಲ: ಇಂಥ ನಾಲ್ಕು ಮಾತಿನಲ್ಲೇ ಅವನು ಬಚಾವಾಗಬೇಕು. ಟಿವಿ ಚರ್ಚೆಗಳಿಗೂ ಈ ನಿಯಮ ತಂದರೆ ಎಷ್ಟೋ ಮನೆಗಳಿಗೆ ನೆಮ್ಮದಿ ಸಿಗುತ್ತಿತ್ತು.

ಬೌದ್ಧರ ಊರಿಗೆ ಬಂದು ಮುಚ್ಚಿಹೋದ ಲ್ಯಾಬಿನ ಮಾತೆತ್ತಿದರೆ ಪ್ರವಾಸಿಗೆ ಥಟ್ಟನೆ ನೆನಪಾಗುವುದು ಅನಿತ್ಯ. ಬಣ್ಣದ ಮರಳಿನಲ್ಲಿ ದಿನಗಟ್ಟಲೆ ಮಂಡಲ ಬರೆದು ಅಳಿಸಿಬಿಡುವ ಲಾಮಾಗಳು ಸಾಕ್ಷಿಗೂ ಸಿಗುತ್ತಾರೆ. ಎಲ್ಲವೂ ಹೋಗುತ್ತದೆ, ಫಿಲ್ಮೂ ಹೋಯಿತು ಎಂದು ಕೈತೊಳೆದುಕೊಳ್ಳಬಹುದು. ಅದು ಸೋಮಾರಿಯ ಉತ್ತರ. ಈ ವಿಹಾರಗಳಲ್ಲಿ ಹದಿನೈದು ಇಪ್ಪತ್ತು ವರ್ಷ ಓದಿ ಗೆಶೆ ಪದವಿ ಪಡೆಯುವವರಿಗೆ ಅನಿತ್ಯ ಬರೀ ಆರಂಭದ ಪಾಠ. ಅವರನ್ನು ಕಾಡುವುದು ಅದರ ಮುಂದಿನ ಪ್ರಶ್ನೆ: ಕ್ಷಣದಲ್ಲಿ ಮುಗಿದುಹೋಗುವ ಕರ್ಮ ಎಷ್ಟೋ ಕಾಲದ ಮೇಲೆ ಫಲ ಕೊಡುವುದು ಹೇಗೆ? ನಡುವಿನ ಅವಧಿಯಲ್ಲಿ ಅದು ಎಲ್ಲಿತ್ತು?

ಕ್ಯಾಮೆರಾದೊಳಗೆ ನಡೆಯುವುದೂ ಇಂಥದ್ದೇ. ಕ್ಲಿಕ್ ಎಂದು ಬೆಳಕು ಬಂತು, ಹೋಯಿತು. ಫಿಲ್ಮಿನ ಮೇಲಿನ ಬೆಳ್ಳಿಲವಣದ ಹರಳೊಂದರಲ್ಲಿ ಕೋಟಿಗಟ್ಟಲೆ ಕಣಗಳ ನಡುವೆ ನಾಲ್ಕಾರು ಬೆಳ್ಳಿ ಪರಮಾಣುಗಳು ಒಂದೆಡೆ ಗುಂಪುಗೂಡಿದವು, ಅಷ್ಟೆ. ಯಾವ ಸಾಧಾರಣ ಸೂಕ್ಷ್ಮದರ್ಶಕಕ್ಕೂ ಅದು ಕಾಣದು. ಇದು ಹೇಗಾಗುತ್ತದೆಂದು ಗರ್ನಿ ಮತ್ತು ಮಾಟ್ ಎಂಬ ವಿಜ್ಞಾನಿಗಳು ವಿವರಿಸಿದ್ದು 1938ರಲ್ಲಿ. ಡೆವಲಪರ್ ದ್ರಾವಣ ಆ ಪುಟ್ಟ ಗುಂಪನ್ನು ಹಿಡಿದುಕೊಂಡು ಇಡೀ ಹರಳನ್ನು ಬೆಳ್ಳಿಯಾಗಿಸುತ್ತದೆ, ಆಗ ಚಿತ್ರ ಮೂಡುತ್ತದೆ. ಅದುವರೆಗೆ ಅದು ವರ್ಷಗಟ್ಟಲೆ ಕಾಯಬಲ್ಲದು. 1897ರಲ್ಲಿ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು ಹಿಮದಲ್ಲಿ ಸತ್ತ ಸ್ವೀಡನ್ನಿನ ಆಂಡ್ರೇ ತಂಡದ ಫಿಲ್ಮುಗಳು 1930ರಲ್ಲಿ ಸಿಕ್ಕಿದವು. ಸ್ಟಾಕ್‌ಹೋಮಿನಲ್ಲಿ ಜಾನ್ ಹರ್ಟ್ಸ್‌ಬರ್ಗ್ ಅವನ್ನು ತೊಳೆದಾಗ 93 ಚಿತ್ರಗಳು ಎದ್ದುಬಂದವು. ತೆಗೆದವರು ಸತ್ತು 33 ವರ್ಷವಾಗಿತ್ತು.

ಸಾಂಖ್ಯರು ಇದನ್ನು ಕೇಳಿ ಬೀಗಬಹುದು. ಕಾರ್ಯ ಕಾರಣದಲ್ಲಿ ಮೊದಲೇ ಇರುತ್ತದೆ, ಎಳ್ಳಿನಲ್ಲಿ ಎಣ್ಣೆ ಇದ್ದಂತೆ, ಗಾಣ ಹೊಸದೇನನ್ನೂ ಮಾಡುವುದಿಲ್ಲ ಎಂಬುದು ಅವರ ಸತ್ಕಾರ್ಯವಾದ. ನೈಯಾಯಿಕರು ಇದನ್ನು ಒಪ್ಪರು. ಮೊದಲೇ ಇದ್ದರೆ ಮಾಡುವುದೇನನ್ನು, ಕಾರ್ಯ ಹೊಸದಾಗಿಯೇ ಹುಟ್ಟುತ್ತದೆ ಎನ್ನುತ್ತಾರೆ. ಈ ಜಗಳದ ಇನ್ನುಳಿದ ಕಕ್ಷಿದಾರರನ್ನು ಹುಡುಕಿ ಕಾಶಿಗೆ ಹೋಗಬೇಕಿಲ್ಲ. ಮುಂಡಗೋಡಿನ ಪಕ್ಕದ ಶಿರಸಿ ತಾಲ್ಲೂಕಿನ ಸೋಂದೆ ಒಂದರಲ್ಲೇ ಅದ್ವೈತದ ಸ್ವರ್ಣವಲ್ಲಿ ಮಠ, ವಾದಿರಾಜರ ಮಾಧ್ವ ಮಠ, ದಿಗಂಬರ ಜೈನರ ಸ್ವಾದಿ ಮಠ ಮೂರೂ ಇವೆ. ಶಂಕರರಿಗೆ ಕಾರ್ಯವು ಕಾರಣಕ್ಕಿಂತ ಬೇರೆಯಲ್ಲ. ಮಾಧ್ವರಿಗೆ ಅದು ಕಾರಣರೂಪದಲ್ಲಿ ಇತ್ತು, ಕಾರ್ಯರೂಪದಲ್ಲಿ ಇರಲಿಲ್ಲ. ಜೈನರಿಗೆ ದ್ರವ್ಯ ಉಳಿಯುತ್ತದೆ, ಪರ್ಯಾಯ, ಅಂದರೆ ಅದರ ಅವಸ್ಥೆ, ಬದಲಾಗುತ್ತದೆ. ಒಂದೇ ಕಾಡಿನ ಸೆರಗಿನಲ್ಲಿ ಇಷ್ಟು ಉತ್ತರಗಳು ದೊರೆಯುವ ಜಾಗ ಭಾರತದಲ್ಲೂ ಅಪರೂಪ.

ಆದರೆ ಕೊಡಾಕ್ರೋಮ್ ಈ ಎಳ್ಳೆಣ್ಣೆ ವಾದಕ್ಕೆ ಕೊಕ್ಕೆ ಹಾಕುತ್ತದೆ. ಲಿಯೊಪೋಲ್ಡ್ ಮ್ಯಾನಸ್ ಮತ್ತು ಲಿಯೊಪೋಲ್ಡ್ ಗೊಡೋವ್‌ಸ್ಕಿ ಎಂಬ ಇಬ್ಬರು ಸಂಗೀತಗಾರರು ರೂಪಿಸಿ 1935ರಲ್ಲಿ ಮಾರುಕಟ್ಟೆಗೆ ಬಂದ ಈ ಫಿಲ್ಮಿನಲ್ಲಿ ಬಣ್ಣವೇ ಇರಲಿಲ್ಲ. ಎಕ್ಟಾಕ್ರೋಮ್, ಫ್ಯೂಜಿಕ್ರೋಮ್‌ನಂಥವುಗಳಲ್ಲಿ ಬಣ್ಣ ಹುಟ್ಟಿಸುವ ರಾಸಾಯನಿಕ ಫಿಲ್ಮಿನ ಪದರಗಳಲ್ಲೇ ಅಡಗಿರುತ್ತದೆ. ಕೊಡಾಕ್ರೋಮ್ ಮಾತ್ರ ನೀಲಿಗೆ, ಹಸಿರಿಗೆ, ಕೆಂಪಿಗೆ ಬೇರೆಬೇರೆಯಾಗಿ ಸ್ಪಂದಿಸುವ ಕಪ್ಪುಬಿಳುಪಿನ ಪದರಗಳ ಕಟ್ಟು. ಬಣ್ಣ ಬರುತ್ತಿದ್ದುದು ಲ್ಯಾಬಿನ ಮೂರು ಪ್ರತ್ಯೇಕ ದ್ರಾವಣಗಳಿಂದ. ಕೆ-14 ಎಂಬ ಆ ಪ್ರಕ್ರಿಯೆಯ ದ್ರಾವಣಗಳನ್ನು ಹದದಲ್ಲಿಡಲು ರಸಾಯನಶಾಸ್ತ್ರ ಬಲ್ಲವರೇ ಬೇಕಿತ್ತು. ಲ್ಯಾಬುಗಳು ಒಂದೊಂದಾಗಿ ಬಾಗಿಲು ಹಾಕಿದ್ದಕ್ಕೆ ಅದೂ ಒಂದು ಕಾರಣ. ಇಂದು ಅದೇ ರೀಲನ್ನು ಕಪ್ಪುಬಿಳುಪಿನ ಡೆವಲಪರ್‌ನಲ್ಲಿ ತೊಳೆದರೆ ಆಕಾರ ಸಿಗುತ್ತದೆ, ಬಣ್ಣ ಸಿಗದು. ಮೂರು ಪದರಗಳ ಸುದ್ದಿಯೂ ಒಂದೇ ಬೂದುಬಣ್ಣದಲ್ಲಿ ಬೆರೆತುಹೋಗುತ್ತದೆ. ಅಂದರೆ ಬೀಜ ರೀಲಿನಲ್ಲಿತ್ತು, ನೀರು ಮಣ್ಣು ಕ್ಯಾನ್ಸಸ್‌ನಲ್ಲಿತ್ತು. ಬೌದ್ಧರ ಮಾತಿನಲ್ಲಿ ಹೇಳಿದರೆ ಹೇತು, ಅಂದರೆ ಮೂಲ ಕಾರಣ, ಉಳಿದಿದೆ; ಪ್ರತ್ಯಯ, ಅಂದರೆ ಅದಕ್ಕೆ ಒದಗಬೇಕಾದ ನೆರವು, ಹೋಗಿದೆ.

ಹೇತು ಪ್ರತ್ಯಯಗಳ ಈ ಲೆಕ್ಕದಲ್ಲೇ ಮುಂಡಗೋಡಿನ ವಿಹಾರಗಳ ಪರಂಪರೆ ಬಹಳ ವಿಚಿತ್ರವಾದ ಉತ್ತರ ಕೊಟ್ಟಿದೆ. ಕರ್ಮಫಲವನ್ನು ಕಾಯ್ದಿಡಲು ಬೌದ್ಧರಲ್ಲೇ ಯೋಗಾಚಾರದವರು ಆಲಯವಿಜ್ಞಾನ ಎಂಬ ಉಗ್ರಾಣ ಕಲ್ಪಿಸಿದರು. ಅತ್ತ ಮೀಮಾಂಸಕರು ಅಪೂರ್ವ ಎಂದರು, ನೈಯಾಯಿಕರು ಅದೃಷ್ಟ ಎಂದರು. ಗಾಂದೆನ್ ಸ್ಥಾಪಿಸಿದ ತ್ಸೋಂಗ್‌ಖಾಪಾ (1357-1419) ಭಾರತದ ಬೌದ್ಧ ಚಿಂತಕ ಚಂದ್ರಕೀರ್ತಿಯ ಮಾತನ್ನು ಆಧರಿಸಿ ಉಗ್ರಾಣವೇ ಬೇಡವೆಂದರು. ಅವರ ಪ್ರಕಾರ ಕರ್ಮ ಮುಗಿದುಹೋಗಿರುವುದು ಬರೀ ಶೂನ್ಯವಲ್ಲ. ಆ ‘ಮುಗಿದಿರುವಿಕೆ’ಯೂ ಕಾರಣದಿಂದ ಹುಟ್ಟಿದ ಸಂಗತಿ. ಅದು ಕ್ಷಣಕ್ಷಣಕ್ಕೂ ತನ್ನ ಮುಂದಿನ ಕ್ಷಣವನ್ನು ಹೆರುತ್ತ, ಪ್ರತ್ಯಯಗಳು ಒದಗಿದಾಗ ಫಲ ಕೊಡುತ್ತದೆ. ಟಿಬೆಟಿನಲ್ಲೇ ಸಾಕ್ಯ ಪಂಥದ ಗೋರಂಪಾ (1429-1489) ಇದನ್ನು ಖಂಡಿಸಿ ಬರೆದರು. ಡ್ರೆಪುಂಗಿನ ಲೋಸೆಲಿಂಗ್, ಗೋಮಾಂಗ್ ಎಂಬ ಎರಡು ವಿದ್ಯಾಲಯಗಳು ಓದುವ ವ್ಯಾಖ್ಯಾನಗ್ರಂಥಗಳೂ ಬೇರೆಬೇರೆ. ಆದ್ದರಿಂದ ಚಪ್ಪಾಳೆಗೆ ಬರವಿಲ್ಲ.

ಫಿಲ್ಮು ತ್ಸೋಂಗ್‌ಖಾಪಾರ ಪರ ಸಾಕ್ಷಿ ಹೇಳುತ್ತದೆ ಎಂದರೆ ಅತಿಯಾದೀತು. ಬೆಳ್ಳಿಯ ಕಣ ಕಣ್ಣಿಗೆ ಬೀಳದಿದ್ದರೂ ವಸ್ತುವೇ. ಉಗ್ರಾಣದ ಪಕ್ಷದವರೂ ಅದನ್ನು ತೋರಿಸಿ ವಾದಿಸಬಹುದು. ಆದರೆ ಒಂದು ಮಾತನ್ನು ಅದು ಖಚಿತವಾಗಿ ಹೇಳುತ್ತದೆ. ಚಿತ್ರ ಒಳಗೆ ಸಿದ್ಧವಾಗಿಯೇ ಇದೆ, ತೆಗೆಯುವವರಿಲ್ಲ ಅಷ್ಟೆ ಎಂಬ ನಮ್ಮ ಸಮಾಧಾನ ಕೊಡಾಕ್ರೋಮಿನ ಬಣ್ಣದ ಮಟ್ಟಿಗೆ ಸುಳ್ಳು. ಬಣ್ಣ ಎಂದೂ ಫಿಲ್ಮೊಂದರ ಸ್ವತ್ತಾಗಿರಲಿಲ್ಲ. ಕಾರ್ಖಾನೆ, ಅಂಚೆ, ದ್ರಾವಣ, ಅದನ್ನು ಕಾಯುವ ಕೈ ಎಲ್ಲ ಸೇರಿದಾಗ ಮಾತ್ರ ಅದು ಆಗುತ್ತಿತ್ತು.

ಹಾಗೆಂದು ಇಲ್ಲ ಎನ್ನುವುದೂ ದುಡುಕು. ಈ ವಿಹಾರಗಳಲ್ಲಿ ಕಡ್ಡಾಯವಾಗಿ ಓದುವ ಬೌದ್ಧ ತಾರ್ಕಿಕ ಧರ್ಮಕೀರ್ತಿ ಇಲ್ಲಿ ನೆರವಿಗೆ ಬರುತ್ತಾನೆ. ಕಾಣಬೇಕಾದದ್ದು ಕಾಣದಿದ್ದರೆ ಅದು ಇಲ್ಲವೆಂದು ಸಾಧಿಸಬಹುದು. ಕಾಣುವ ಯೋಗ್ಯತೆಯೇ ಇಲ್ಲದ್ದು ಕಾಣದಿದ್ದರೆ ಉಳಿಯುವುದು ಸಂಶಯ ಮಾತ್ರ. ಟಿಬೆಟಿನ ಕಡೆಯಿಂದ ಎವರೆಸ್ಟ್ ಹತ್ತಿ 1924ರಲ್ಲಿ ಮರೆಯಾದ ಮ್ಯಾಲರಿ ಮತ್ತು ಅರ್ವಿನ್ ಅವರ ಬಳಿ ಕೊಡಾಕ್‌ನ ಪುಟ್ಟ ಕ್ಯಾಮೆರಾ ಇತ್ತು.  ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು, ಅರ್ವಿನ್‌ನದೆನ್ನಲಾದ ಪಾದ 2024ರಲ್ಲಿ ರೋಂಗ್‌ಬುಕ್ ಹಿಮನದಿಯಲ್ಲಿ ಸಿಕ್ಕಿತು. ಕ್ಯಾಮೆರಾ ಇನ್ನೂ ಸಿಕ್ಕಿಲ್ಲ. ಅವರು ಶಿಖರ ಮುಟ್ಟಿದರೋ ಇಲ್ಲವೋ ಎಂಬುದು ಫಿಲ್ಮಿನಿಂದ ನಿರ್ಧಾರವಾಗುವ ಸಂಗತಿಯಲ್ಲ, ಅದು ಆಗಲೇ ಆಗಿಹೋಗಿದೆ. ನಮಗೆ ತಿಳಿಯುತ್ತದೋ ಇಲ್ಲವೋ ಎಂಬುದಷ್ಟೇ ಆ ರೀಲಿನ ಕೈಯಲ್ಲಿದೆ.

ಇದೆಲ್ಲ ತತ್ತ್ವವಾಯಿತು. ಮಲೆನಾಡಿನ ಮಳೆಗಾಲದ ತೇವ ಯಾವ ದರ್ಶನಕ್ಕೂ ಕಾಯುವುದಿಲ್ಲ. ಮನೆಯಲ್ಲಿ ತೊಳೆಸದ ಹಳೆಯ ರೀಲು ಇದ್ದರೆ ಮೊದಲು ಡಬ್ಬಿಯ ಮೇಲಿನ ಹೆಸರು ಓದಿ. ಎಕ್ಟಾಕ್ರೋಮ್, ಫ್ಯೂಜಿಕ್ರೋಮ್‌ನಂಥವನ್ನು ತೊಳೆಯುವ ಇ-6 ಪ್ರಕ್ರಿಯೆಯ ಹೆಸರಿದ್ದರೆ ತಡಮಾಡದೆ ಕಳಿಸಿ, ಅದನ್ನು ತೊಳೆಯುವ ಲ್ಯಾಬುಗಳು ಕಡಿಮೆಯಾದರೂ ಇನ್ನೂ ಇವೆ. ರೂಪಾಯಿ ವ್ಯಾಪಾರದ ಕಾಲದಲ್ಲಿ ಪೂರ್ವ ಜರ್ಮನಿಯಿಂದ ಬರುತ್ತಿದ್ದ ಓರ್ವೊಕ್ರೋಮ್ ಆಗಿದ್ದರೆ, ಅಥವಾ ಕೊಡಾಕ್ರೋಮ್ ಆಗಿದ್ದರೆ, ಕಪ್ಪುಬಿಳುಪಿನಲ್ಲಿ ತೊಳೆಯಬಲ್ಲ ಅನುಭವಿಗಳನ್ನೇ ಹುಡುಕಿ. ಅವರು ಸಿಗುವ ತನಕ ಗಾಳಿಯಾಡದಂತೆ ಕಟ್ಟಿ ಫ್ರಿಜ್ಜಿನಲ್ಲಿಡಿ. ಸ್ಲೈಡು ತಾನೆ ಎಂದು ಕೊಡಾಕ್ರೋಮನ್ನು ಇ-6 ಯಂತ್ರಕ್ಕೆ ಹಾಕಲು ಯಾರಿಗೂ ಬಿಡಬೇಡಿ: ಆ ದ್ರಾವಣಗಳು ಬೆಳ್ಳಿಯನ್ನು ಕರಗಿಸಿಬಿಡುತ್ತವೆ, ಬಣ್ಣ ಹುಟ್ಟುವುದಿಲ್ಲ, ಹೊರಬರುವುದು ಖಾಲಿ ಫಿಲ್ಮು.